ಬೇಲಿಯಾಚೆಯ ಸೀಬೆ ತೋಟ

ಅಕ್ಟೋಬರ್ 4, 2003

ಬೇಲಿಯ ಗೇಟಿಗೆ ಅಂಟಿಸಿದ್ದ ನೋಟೀಸನ್ನು ಅಣ್ಣ ಇವತ್ತು ಕಿತ್ತು ಮನೆಗೆ ತಂದ. ಊಟದ ತಟ್ಟೆಗಳ ನಡುವೆ ಅದನ್ನು ಹರಡಿ, ಗಾಳಿಗೆ ಹಾರದಂತೆ ಉಪ್ಪಿನ ಡಬ್ಬಿ ಇಟ್ಟು ಓದಿದ. ಬೇಲಿಗೂ ಹಳೆಯ ಗಡಿಗೂ ನಡುವಿನ ನೆಲವೆಲ್ಲ ಇನ್ನು ಮುಚ್ಚಿದ ಪ್ರದೇಶವಂತೆ. ಅಲ್ಲಿ ಕಾಲಿಡಬೇಕಾದರೆ ನಮ್ಮ ನಾಡನ್ನು ಹಿಡಿದುಕೊಂಡಿರುವ ಸೇನೆಯ ಪರವಾನಗಿ ಬೇಕಂತೆ. ನಮ್ಮೂರು ದೇರ್ ಸುಮ್ಮಾಕಿನ ಮನೆಗಳೆಲ್ಲ ಬೇಲಿಯ ಈಚೆ, ತೋಟ ಬಾವಿಗಳೆಲ್ಲ ಆಚೆ. ಬೇಸಿಗೆಯಲ್ಲಿ ಬೇಲಿ ಹಾಕುವಾಗ, ಗೇಟು ಇಡುತ್ತೇವಲ್ಲ, ಅಳುವುದೇಕೆ ಎಂದಿದ್ದರು ಸೇನೆಯವರು. ಗೇಟಿನ ಜೊತೆ ಬೀಗವೂ ಬರುತ್ತದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಸಂಜೆ ಮಸೀದಿ ಅಂಗಳದಲ್ಲಿ ಸಭೆ. ನಾವು ಹೆಂಗಸರು ಗೋಡೆಯ ಈಚೆ ನಿಂತು ಕೇಳಿದೆವು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವನು ನಮ್ಮ ರೌಹಿ ಅಣ್ಣನೇ.

"ಪರವಾನಗಿ ಕೇಳೋದು ಅಂದ್ರೆ ಏನು ಗೊತ್ತಾ? ನೆಲ ನಿಮ್ದು, ದೊಡ್ಡ ಮನಸು ಮಾಡಿ ಒಳಗೆ ಬಿಡಿ ಅಂತ ಬರೆದುಕೊಟ್ಟ ಹಾಗೆ. ನಾನು ಬರೆದುಕೊಡಲ್ಲ. ನೀವೂ ಕೊಡಬೇಡಿ."

ಎಲ್ಲರೂ ಒಪ್ಪಿದರು. ನನಗೂ ಹೆಮ್ಮೆಯೆನಿಸಿತು. ಚಹಾ ಬೇಕು ಎನ್ನುವುದನ್ನೂ ಭಾಷಣದ ಹಾಗೆ ಹೇಳುವವನು, ಇವತ್ತು ಆ ಗಂಟಲು ಉಪಯೋಗಕ್ಕೆ ಬಂತು. ಸೀಬೆ ಮಾತ್ರ ಹಳದಿಗೆ ತಿರುಗುತ್ತಿದೆ. ಅದರ ಚಿಂತೆ ಅವನಿಗಿರಲಿ, ತೋಟ ಅವನದು. ನಾನು ಮದುವೆಯಾಗದ ತಂಗಿ, ಮಾಳಿಗೆ ಕೋಣೆ, ಹೊಲಿಗೆ ಯಂತ್ರ, ಇಷ್ಟೇ ನನ್ನ ಪ್ರಪಂಚ.

ಅಕ್ಟೋಬರ್ 15

ಕಾಗದ ಇಲ್ಲದವರನ್ನು ಗೇಟಿನಲ್ಲಿ ಬಿಡುತ್ತಿಲ್ಲ. ಅಣ್ಣ ದಿನಾ ಹೋಗಿ ನಿಲ್ಲುತ್ತಾನೆ, ದಿನಾ ಬರುತ್ತಾನೆ. ಸಂಜೆಯಾಗುತ್ತಲೇ ಪಡುವಣ ಗಾಳಿಗೆ ಹಣ್ಣಿನ ವಾಸನೆ ಮನೆಯೊಳಕ್ಕೆ ನುಗ್ಗುತ್ತದೆ. ಬೇರೆ ವರ್ಷವಾದರೆ ಖುಷಿಪಡುವ ವಾಸನೆ. ಅತ್ತಿಗೆ ಎತಿದಾಲ್ ಕಿಟಕಿ ಮುಚ್ಚಿದಳು. ಅಣ್ಣ ಎದ್ದು ತೆರೆದ. ಅವಳು ಮತ್ತೆ ಮುಚ್ಚಿದಳು.

ಅಕ್ಟೋಬರ್ 31

ಉಪವಾಸದ ತಿಂಗಳು. ಊರಿನ ಒಗ್ಗಟ್ಟು ಮೊದಲ ವಾರ ದಾಟಲಿಲ್ಲ. ಹಜ್ ಮಾಡಿ ಬಂದ ಪಕ್ಕದ ಮನೆಯ ಹಜ್ಜಾ ಫಿಕ್ರಿಯಾ ಎಲ್ಲರಿಗಿಂತ ಮೊದಲು ಹೋಗಿ ಪರವಾನಗಿ ತಂದಳು, ಅದನ್ನು ಮುಚ್ಚಿಡಲೂ ಇಲ್ಲ. ಆಕೆಗೆ ಆಚೆ ಸೌತೆಕಾಯಿ ಬೆಳೆಯುವ ಪ್ಲಾಸ್ಟಿಕ್ ಚಪ್ಪರಗಳಿವೆ. ಕೇಳಿದವರಿಗೆಲ್ಲ ಒಂದೇ ಉತ್ತರ: "ನಿಮ್ಮ ಮಾನ ಮರ್ಯಾದೆಗೆ ನೀರು ಹಾಕದಿದ್ರೂ ನಡೆಯತ್ತೆ. ಸೌತೆಗೆ ನಡೆಯಲ್ಲ."

ಇವತ್ತು ಅಣ್ಣನೂ ಅರ್ಜಿ ಹಾಕಿ ಬಂದ. ಮೂರು ವರ್ಷ ಉಳುಮೆ ಕಾಣದ ನೆಲ ಸರ್ಕಾರಕ್ಕೆ ಸೇರುತ್ತದೆಂಬ ಕಾನೂನು ಇನ್ನೂ ಇದೆ. ತುರ್ಕಿಯ ಸುಲ್ತಾನರು ಮಾಡಿದ್ದು. ಸುಲ್ತಾನರು ಹೋದರು, ಕಾನೂನನ್ನು ಇವರಿಗೆ ಬಿಟ್ಟುಹೋದರು. ಅದನ್ನು ನೆನೆದೇ ಅಣ್ಣನ ಗಂಟಲು ಇಳಿದದ್ದು. ಕಚೇರಿಯಲ್ಲಿ ಅಪ್ಪನ ವಾರಸುದಾರರ ಪತ್ರ ಕೇಳಿದರಂತೆ. "ನಿನ್ನ ಹೆಸರಲ್ಲೂ ಒಂದು ಅರ್ಜಿ ಹಾಕಿದೀನಿ ರಸ್ಮಿಯಾ, ಹೇಗಿದ್ರೂ ಪತ್ರದಲ್ಲಿ ಇದೀಯಲ್ಲ," ಎಂದ. ಹಾಕಿದ್ದರೆ ಹಾಕಿರಲಿ ಎಂದೆ.

ನವೆಂಬರ್ 9

ಬಂತು. ಅಣ್ಣನಿಗೆ ಇಲ್ಲ. ನನಗೆ ಇದೆ.

ಅವನಿಗೆ ಇಲ್ಲದ್ದಕ್ಕೆ 'ಭದ್ರತಾ ಕಾರಣ' ಎಂದು ಬರೆದಿದ್ದಾರೆ. ಹುಡುಗನಾಗಿದ್ದಾಗ ಕೆಲವು ತಿಂಗಳು ಜೈಲಿನಲ್ಲಿದ್ದ, ಅದಿರಬೇಕು. ನನ್ನದರಲ್ಲಿ ನನ್ನ ಫೋಟೋ, ಅದರ ಕೆಳಗೆ ಒಂದು ಪದ: ಮಾಲೀಕಳು.

ಅಪ್ಪ ತೀರಿಕೊಂಡ ನಲವತ್ತನೆಯ ದಿನ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಅಣ್ಣ ಕಸೂತಿಯ ಮಖಮಲ್ಲಿನ ನಿಲುವಂಗಿ ತಂದು ನನ್ನ ಮಡಿಲಲ್ಲಿಟ್ಟ. ನನ್ನ ಪಾಲು ಅಣ್ಣನಿಗೆ ಬಿಟ್ಟೆ ಎಂದು ಹೇಳಿದೆ. ನಮ್ಮಲ್ಲಿ ಹೆಣ್ಣುಮಕ್ಕಳು ಹೇಳುವುದೇ ಹಾಗೆ. ಹೇಳದವಳ ಮುಖ ನೋಡುವುದಿಲ್ಲ. ಆದರೆ ಯಾರೂ ಅದನ್ನು ಬರೆಸುವುದಿಲ್ಲ. ಅಣ್ಣ ತಂಗಿಯ ನಡುವೆ ಕಾಗದ ಬಂದರೆ ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಹೀಗಾಗಿ ಪತ್ರದಲ್ಲಿ ನಾನು ಇದ್ದೇ ಇದ್ದೆ, ಮನೆಯಲ್ಲಿ ಎಲ್ಲರೂ ಮರೆತಿದ್ದರು, ನಾನೂ ಸೇರಿ.

ಅಣ್ಣ ನನ್ನ ಪರವಾನಗಿಯನ್ನು ತಿರುವಿ ಮುರುವಿ ನೋಡಿದ. "ಇವಳಿಗೆ ನಲ್ಲಿ ಯಾವುದು ವಾಲ್ವ್ ಯಾವುದು ಗೊತ್ತಿಲ್ಲ," ಎಂದ. ಎತಿದಾಲ್ ನಕ್ಕಳು. ಆಮೇಲೆ ನಗು ತಡೆಯಲಾಗದೆ ಅಡುಗೆಮನೆಗೆ ಹೋದಳು, ಅಲ್ಲಿ ಅತ್ತಳು.

ನವೆಂಬರ್ 11

ಹೋದೆ, ಬಂದೆ.

ಹಳದಿ ಗೇಟಿನ ಮುಂದೆ ಸಾಲು. ಜೀಪಿನಲ್ಲಿ ಬಂದವರು ಬೀಗ ತೆಗೆದು ಒಬ್ಬೊಬ್ಬರನ್ನೇ ಕರೆದರು. ಹಾಲುಗಲ್ಲದ ಸೈನಿಕ, ನಮ್ಮ ಭಾಷೆಯನ್ನು ತುಂಡು ತುಂಡಾಗಿ ಆಡುತ್ತಾನೆ. "ತೋಟ ಯಾರದು?" ಎಂದ. ನಾನು ಬಾಯಿಗೆ ಬಂದ ನಿಜ ಹೇಳಿಬಿಟ್ಟೆ: ನಮ್ಮಣ್ಣಂದು. ಅವನು ಕಾಗದ ನೋಡಿದ, ನನ್ನ ನೋಡಿದ, "ಅಣ್ಣಂದು ಇದ್ರೆ ಅಣ್ಣ ಬರ್ಲಿ, ನೀ ವಾಪಸ್ ಹೋಗು" ಎಂದ.

ಹಿಂದೆ ನಿಂತಿದ್ದ ಹಜ್ಜಾ ಫಿಕ್ರಿಯಾ ಸೊಂಟಕ್ಕೆ ತಿವಿದು ಕಿವಿಯಲ್ಲಿ, "ನನ್ನದು ಅನ್ನೇ ಪೆದ್ದಿ, ಬಾಯಿ ಸವೆಯಲ್ಲ," ಎಂದಳು. ನನ್ನದು ಎಂದೆ. ಕದ್ದ ಹಾಗಾಯಿತು. ತಿರುಗಿ ನೋಡಿದರೆ ದಿಬ್ಬದ ಮೇಲೆ ಅಣ್ಣ ನಿಂತಿದ್ದ. ಅಷ್ಟು ದೂರಕ್ಕೆ ಕೇಳಿಸಿರಲಾರದು.

ತೋಟದಲ್ಲಿ ಹಣ್ಣೆಲ್ಲ ನೆಲಕ್ಕೆ ಬಿದ್ದು ಕೊಳೆತಿತ್ತು. ಕಾಲಿಟ್ಟಲ್ಲೆಲ್ಲ ಕಣಜಗಳು. ಅಪ್ಪನ ಕಾಲದಲ್ಲಿ ಇದೇ ಮರಗಳ ಕೆಳಗೆ ಆಡಿದವಳು, ಆಮೇಲೆ ಇಲ್ಲಿಗೆ ಊಟ ತರುವುದಕ್ಕಷ್ಟೇ ಬಂದಿದ್ದೆ. ಉಳಿದಿದ್ದನ್ನು ತಿರುಚಿ ತಿರುಚಿ ಕಿತ್ತೆ. ಒಂದು ಬುಟ್ಟಿಯಾಯಿತು. ಮನೆಯಲ್ಲಿ ಅಣ್ಣ ಒಂದು ಹಣ್ಣು ತೆಗೆದುಕೊಂಡು ಮೂಗಿಗೆ ಹಿಡಿದು ಹಾಗೇ ಕೂತುಬಿಟ್ಟ. ಅವನನ್ನು ನೋಡಲಾಗಲಿಲ್ಲ.

ನವೆಂಬರ್ 17

ಹೋದೆ. ಬುಡ ಸ್ವಚ್ಛ ಮಾಡಿದೆ. ಬೆನ್ನು ಬಿದ್ದುಹೋಗಿದೆ.

ಫೆಬ್ರವರಿ 8, 2004

ಕೊಂಬೆ ಸವರುವ ಕಾಲ. ಶಾಲೆಯ ತಾರಸಿಯಿಂದ ತೋಟ ಕಾಣುತ್ತದೆ. ಅಣ್ಣ ಅಪ್ಪನ ಹಳೆಯ ದುರ್ಬೀನು ಹಿಡಿದು ಅಲ್ಲಿ ನಿಲ್ಲುತ್ತಾನೆ, ನಾನು ಎತಿದಾಲಳ ಮೊಬೈಲನ್ನು ತಲೆವಸ್ತ್ರದೊಳಗೆ ಕಿವಿಗೆ ಸಿಕ್ಕಿಸಿಕೊಂಡು ಗರಗಸ ಹಿಡಿಯುತ್ತೇನೆ. ಊರಿಗೆಲ್ಲ ತಮಾಷೆ. ತಾರಸಿಯಿಂದ ಆಜ್ಞೆ ಇಳಿಯುತ್ತದೆ: ಅದಲ್ಲ, ಅದರ ಪಕ್ಕದ್ದು, ಮೇಲಿನದ್ದು, ನಿನ್ನ ಬಲಕ್ಕೆ ಅಲ್ಲ, ನನ್ನ ಬಲಕ್ಕೆ.

ಬಾವಿಯ ಪಕ್ಕದ ಮರದಲ್ಲಿ ದಪ್ಪನೆಯ ಕೊಂಬೆಯೊಂದು ಬಿಸಿಲನ್ನೆಲ್ಲ ತಾನೇ ನುಂಗಿಕೊಂಡಿತ್ತು. ಕಡಿಯಲೇ ಎಂದೆ. ಬೇಡ, ಅಪ್ಪ ಬಿಟ್ಟ ಕೊಂಬೆ ಅದು, ಮುಟ್ಟಬೇಡ ಎಂದ. ಸರಿ ಎಂದೆ. ಅವನು ಇಳಿದುಹೋದ ಮೇಲೆ ಕಡಿದೆ.

ಫೆಬ್ರವರಿ 12

ರಮಲ್ಲಾದಿಂದ ಲಮೀಸ್ ಎಂಬ ವಕೀಲೆ ಬಂದಿದ್ದಳು. ಸಣ್ಣ ವಯಸ್ಸು, ದೊಡ್ಡ ಚೀಲ. ಈ ತಿಂಗಳ ಕೊನೆಗೆ ಹೇಗ್ ಪಟ್ಟಣದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಬೇಲಿಯ ವಿಚಾರಣೆಯಿದೆಯಂತೆ. ಅದಕ್ಕಾಗಿ ಊರೂರು ತಿರುಗಿ ಹೇಳಿಕೆ ಬರೆದುಕೊಳ್ಳುತ್ತಿದ್ದಾಳೆ. ಕೇಸು ಏನೆಂದು ಹಜ್ಜಾ ಕೇಳಿದ್ದಕ್ಕೆ ಆ ಹುಡುಗಿ ಚೆನ್ನಾಗಿ ಹೇಳಿದಳು: "ಅವರು ಅವರ ಗಡಿ ಮೇಲೆ ಎಷ್ಟೆತ್ತರ ಬೇಕಾದ್ರೂ ಕಟ್ಟಿಕೊಳ್ಳಲಿ ಹಜ್ಜಾ. ಸೈನ್ಯ ನುಗ್ಗಿಸಿ ಹಿಡಿದುಕೊಂಡಿರೋ ನೆಲದೊಳಗೆ ಬಂದು ಕಟ್ಟೋ ಹಾಗಿಲ್ಲ. ಇಷ್ಟೇ ನಮ್ಮ ಮಾತು." ಇಷ್ಟೇ ಮಾತಿಗೆ ಅಷ್ಟು ದೂರ ಯಾಕೆ ಹೋಗಬೇಕು, ಇಲ್ಲೇ ಗೇಟಿನ ಹುಡುಗನಿಗೆ ಹೇಳಬಾರದೇ ಎಂದು ಹಜ್ಜಾ.

ಅಣ್ಣನ ಮುಖ ತಿಂಗಳುಗಳ ಮೇಲೆ ಇವತ್ತು ಅರಳಿತು. ನೇರ ಕೂತು, ಸಭೆಯ ದನಿಯಲ್ಲಿ ಹೇಳಿಕೆ ಕೊಟ್ಟ. ಲಮೀಸ್ ಬರೆಯುತ್ತಾ, ತೋಟದ ಒಡೆಯರು ಯಾರು ಎಂದಳು. ನಾನೇ ಎಂದ. ಅವಳು ವಾರಸುದಾರರ ಪತ್ರ ನೋಡಿ, ನಾಳೆ ನಷ್ಟ ಕಟ್ಟಿಕೊಡಿ ಎಂದು ತೀರ್ಪು ಬಂದರೆ ಹೆಸರು ಸರಿಯಾಗಿರಬೇಕು ಎಂದು, ನನ್ನ ಕಡೆ ತಿರುಗಿದಳು.

ಏನು ಹೇಳಲಿ? "ನಮ್ಮಪ್ಪಂದು," ಎಂದೆ.

ಅವಳು ಪೆನ್ನು ಎತ್ತಿ ಕಾದಳು. ಅಣ್ಣನೂ ಕಾದ. ಕೊನೆಗೆ, ಅಣ್ಣ ಹೇಳಿದ ಹಾಗೆ ಬರೆದುಕೊಳ್ಳಿ ಎಂದೆ. ಬರೆದುಕೊಂಡಳು. ಸಂಜೆ ಅಣ್ಣ ನನಗೆ ಪಿಸ್ತಾ ತುಂಬಿದ ಬಿಸ್ಕತ್ತು ತಂದುಕೊಟ್ಟ. ಇಷ್ಟವೇ ನನಗೆ, ಆದರೂ ತಿನ್ನಲಿಲ್ಲ. ಯಾಕೋ ಹಸಿವಿರಲಿಲ್ಲ.

ಏಪ್ರಿಲ್ 19

ಗೇಟು ತೆರೆಯಲಿಲ್ಲ.

ಏಪ್ರಿಲ್ 20

ತೆರೆಯಲಿಲ್ಲ. ಪೇಟೆಯಲ್ಲಿ ಏನೋ ಆಗಿದೆಯಂತೆ. ಮರುಭೂಮಿಯ ಬಿಸಿಗಾಳಿ ಎದ್ದಿದೆ. ಮೊಗ್ಗು ಉದುರುತ್ತವೆ.

ಏಪ್ರಿಲ್ 22

ಇಲ್ಲ. ಎರಡು ತುತ್ತು ಇಳಿಯಲಿಲ್ಲ. ಅವಕ್ಕೆ ನೀರಿಲ್ಲ, ನಾನು ಇಲ್ಲಿ ಲೋಟ ಲೋಟ ಕುಡಿಯುತ್ತಿದ್ದೇನೆ. ಹೊಲಿಗೆಗೆ ಬಂದವರನ್ನು ಬೈದು ಕಳಿಸಿದೆ.

ಏಪ್ರಿಲ್ 24

ತೆರೆದರು. ಓಡಿದೆ. ಬಾಡಿವೆ, ಸತ್ತಿಲ್ಲ. ಬಾವಿಯ ಪಕ್ಕದ ಮರವನ್ನು ಅಪ್ಪಿಕೊಂಡೆ. ಯಾರೂ ನೋಡಲಿಲ್ಲ.

ಮೇ 23

ಅಣ್ಣನಿಗೆ ಕೆಲಸವಿಲ್ಲ. ಮನೆಯಲ್ಲಿ ಕೂತು ಕೂತು ಎಲ್ಲದಕ್ಕೂ ಬಾಯಿ ಹಾಕುತ್ತಾನೆ. ನಿನ್ನೆ ನನ್ನ ಬೂಟುಗಳ ಮಣ್ಣು ತೊಳೆದಿಟ್ಟಿದ್ದ. ಹಾಗೆ ಮಾಡಬೇಡ ಎಂದು ರೇಗಿದೆ. ಎತಿದಾಲ್ ನನ್ನ ತಟ್ಟೆಗೆ ಮೊದಲು ಬಡಿಸುತ್ತಾ, "ಯಜಮಾನರು ಬಂದ್ರು, ಸರೀರಿ ಎಲ್ಲಾ," ಎಂದು ಮಕ್ಕಳಿಗೆ ಹೇಳಿದಳು. ಕುಚೋದ್ಯವೋ ನಿಜವೋ ತಿಳಿಯಲಿಲ್ಲ. ಹಸಿದಿದ್ದೆ, ತಿಂದೆ.

ಪಂಪ್ ಮನೆಯ ಬೀಗದ ಕೈಯನ್ನು ಮೊದಲಿನಂತೆ ಬಾಗಿಲ ಮೊಳೆಗೆ ನೇತುಹಾಕು ಎಂದ ಅಣ್ಣ. ಕೊರಳಲ್ಲೇ ಇರಲಿ, ಕಳೆಯುವುದಿಲ್ಲ ಎಂದೆ.

ನೀರಿನ ವಿಷಯಕ್ಕೆ ದಿನಾ ಜಗಳ. ಎಡಗಡೆ ವಾಲ್ವ್ ಮೊದಲು ತೆರೆ, ಅಪ್ಪನ ಕಾಲದಿಂದ ಹಾಗೇ ಎನ್ನುತ್ತಾನೆ. ಬಲಗಡೆಯ ಸಾಲು ಏರಿನಲ್ಲಿದೆ. ಎಡಗಡೆ ಮೊದಲು ಬಿಟ್ಟರೆ ಬಲದ ತುದಿಗೆ ಹೋಗುವಷ್ಟರಲ್ಲಿ ನೀರಿನ ಜೋರು ಮುಗಿದಿರುತ್ತದೆ. ನಾನು ಬಲಗಡೆಯದನ್ನೇ ಮೊದಲು ತೆರೆಯುತ್ತೇನೆ. ತಾರಸಿಯಿಂದ ವಾಲ್ವ್ ಕಾಣುವುದಿಲ್ಲ. ಅವನಿಗೆ ಹೇಳುವುದನ್ನು ಈಗ ಬಿಟ್ಟಿದ್ದೇನೆ.

ಜೂನ್ 16

ಹಜ್ಜಾಳ ಪಕ್ಕದ ಹೊಲದವನ ಪರವಾನಗಿ ರದ್ದಾಯಿತು. ಕಾಗದ ಇಲ್ಲದ ಷಡ್ಡಕನನ್ನು ಕೆಲಸಕ್ಕೆ ನುಸುಳಿಸಿಕೊಂಡಿದ್ದನಂತೆ. ಪಾಪ ಎನಿಸಿತು. ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಮಾಡಬೇಕು ಎಂದೂ ಎನಿಸಿತು. ನಿಯಮ ಎಂದ ಮೇಲೆ ನಿಯಮ.

ನನ್ನ ಮರಗಳು ಕಾಯಿ ಕಚ್ಚಿವೆ.

ಜೂನ್ 30

ಮೊಬೈಲು ಕೆಲಸದ ನಡುವೆ ಬಡಿದುಕೊಳ್ಳುತ್ತಲೇ ಇರುತ್ತದೆ. ಕೈ ಒದ್ದೆ, ಮಣ್ಣು. ಈ ವಾರವೆಲ್ಲ ಆರಿಸಿಯೇ ಇಟ್ಟಿದ್ದೆ. ಕಾಯಿ ಹೇಗಿವೆ ಎಂದು ಅಣ್ಣ ಊಟಕ್ಕೆ ಕೂತಾಗ ಕೇಳಿದ. ಚೆನ್ನಾಗಿವೆ ಎಂದೆ. ಎಷ್ಟು ದಪ್ಪ? ಚೆನ್ನಾಗಿವೆ ಎಂದೆನಲ್ಲ. ನಿದ್ದೆ ಎಳೆಯುತ್ತಿತ್ತು.

ಜುಲೈ 5

ಅಣ್ಣನನ್ನು ಹಿಡಿದುಕೊಂಡು ಹೋದರು.

ಬೆಳಿಗ್ಗೆ ನೀರು ಬಿಟ್ಟು ಕಳೆ ಕೀಳುತ್ತಿದ್ದೆ. ಬಾವಿಯ ಕಡೆ ಸದ್ದಾಯಿತು. ಹೋಗಿ ನೋಡಿದರೆ ಮರದ ಕೆಳಗೆ ಅಣ್ಣ. ಹಳ್ಳದ ಮೋರಿಯಲ್ಲಿ ತೆವಳಿಕೊಂಡು ಬೇಲಿ ದಾಟಿದ್ದಾನೆ, ಮೊಣಕೈ ತರಚಿ ರಕ್ತ. ನನ್ನ ಕಡೆ ನೋಡಲೂ ಇಲ್ಲ. ಕಡಿದ ಕೊಂಬೆಯ ಗಾಯದ ಮೇಲೆ ಬೆರಳಾಡಿಸುತ್ತಿದ್ದ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ. ಅಷ್ಟರಲ್ಲಿ ಜೀಪು ಬಂತು.

ಅದೇ ತುಂಡು ಮಾತಿನ ಹುಡುಗ, ಜೊತೆಗೆ ಇಬ್ಬರು. ಕೋವಿ ಅಣ್ಣನ ಎದೆಗೆ. ಹುಡುಗ ನನ್ನನ್ನು ಕೇಳಿದ, "ಇವ ಯಾರು? ನಿನ್ನ ಜನ?"

ಹೌದೆಂದರೆ ಪರವಾನಗಿ ಹೋಯಿತು, ಅದರ ಜೊತೆ ಮರಗಳೂ ಹೋದವು. ಜುಲೈ ಬಿಸಿಲಿಗೆ ಹದಿನೈದು ದಿನ ನೀರಿಲ್ಲದಿದ್ದರೆ ಮುಗಿಯಿತು. ಇಲ್ಲವೆಂದರೆ? ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಈಗಲೂ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ.

ಅಣ್ಣ ಮೊದಲು ಮಾತಾಡಿದ. ಸಭೆಯ ದನಿಯಲ್ಲ, ಸಣ್ಣ ದನಿ.

"ತೋಟ ಆಕೇದು. ನನಗೂ ಇದಕ್ಕೂ ಸಂಬಂಧ ಇಲ್ಲ. ಸೀಬೆ ಕದಿಯೋಕೆ ಬಂದಿದ್ದೆ."

ಮರದ ಮೇಲಿದ್ದದ್ದು ಗೋಲಿಯಷ್ಟು ಹಸಿರು ಕಾಯಿ. ಕದಿಯಲು ಏನೂ ಇರಲಿಲ್ಲ. ಆ ಹುಡುಗನಿಗೆ ಸೀಬೆ ಗೊತ್ತಿರಲಿಲ್ಲ, ನಂಬಿದ. ಗುರುತಿನ ಚೀಟಿ ನೋಡಿದರು. ಊರಿನ ಅರ್ಧ ಜನಕ್ಕೆ ಅದೇ ಮನೆತನದ ಹೆಸರು, ಅದರಿಂದ ಏನೂ ತಿಳಿಯಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ ಜೀಪಿಗೆ ಹತ್ತಿಸಿದರು. ಹುಡುಗ ನನಗೆ, ಹೆದರಬೇಡ, ಕಳ್ಳ ಇನ್ನು ಬರಲ್ಲ ಎಂದ.

ನಾನು ಸುಮ್ಮನೆ ನಿಂತಿದ್ದೆ. ಎಡಗಡೆಯ ಸಾಲಿಗೆ ನೀರು ಬಿಡುವುದನ್ನೇ ಮರೆತೆ.

ಜುಲೈ 9, ಶುಕ್ರವಾರ

ಹೇಗ್ ನ್ಯಾಯಾಲಯದ ಮಾತು ಬಂತು. ಮಸೀದಿ ಅಂಗಳದಲ್ಲಿ ಟಿವಿ ಇಟ್ಟಿದ್ದರು, ಊರೆಲ್ಲ ಸೇರಿತ್ತು. ಬೇಲಿ ಕಾನೂನಿಗೆ ವಿರುದ್ಧ. ಆಕ್ರಮಿತ ನೆಲದಲ್ಲಿ ಕಟ್ಟಿದ್ದನ್ನು ಕೆಡವಬೇಕು. ನೆಲ, ತೋಟ ಕಳೆದುಕೊಂಡವರಿಗೆ ನಷ್ಟ ಕಟ್ಟಿಕೊಡಬೇಕು. ನ್ಯಾಯಾಧೀಶರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಹಾಗೇ ಹೇಳಿದ್ದಾರಂತೆ. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿದರು, ಮಿಠಾಯಿ ಹಂಚಿದರು.

ಇದು ತೀರ್ಪಲ್ಲ, ಸಲಹೆ ಎಂದು ಯಾರೋ ಹೇಳಿದರು. ಹಜ್ಜಾ ಫಿಕ್ರಿಯಾ ಬಾಯಿಯ ಮಿಠಾಯಿ ಒಂದು ದವಡೆಗೆ ಸರಿಸಿ, "ಸಲಹೆ ಕೊಡೋಕೆ ನಾನೂ ಇದ್ನಲ್ಲಪ್ಪ, ನನ್ನ ಯಾರೂ ಕೇಳ್ಲಿಲ್ಲ," ಎಂದಳು. ನಕ್ಕರು. ನಗುತ್ತಾ ನಗುತ್ತಾ ಆಕೆಯ ಕಣ್ಣು ಒದ್ದೆಯಾಗಿದ್ದು ನಾನು ನೋಡಿದೆ.

ಲಮೀಸ್ ಫೋನ್ ಮಾಡಿದಳು. ಅವಳ ದನಿ ಕುಣಿಯುತ್ತಿತ್ತು. ಇಂಥ ಮಾತು ಒಮ್ಮೆ ಹೇಳಿದ ಮೇಲೆ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾಗದು ಎಂದಳು. ನಿಮ್ಮಣ್ಣನಿಗೆ ಕೊಡಿ, ನಾನೇ ಹೇಳುತ್ತೇನೆ ಎಂದಳು. ಅಣ್ಣ ಎಲ್ಲಿದ್ದಾನೆಂದು ಹೇಳಿದೆ.

ಎತಿದಾಲ್ ಮಿಠಾಯಿ ಮುಟ್ಟಲಿಲ್ಲ. ನನ್ನ ಜೊತೆ ಮಾತು ಬಿಟ್ಟು ಐದು ದಿನವಾಯಿತು.

ಜುಲೈ 13

ಅಣ್ಣ ಬಂದ. ಗಡ್ಡ ಬೆಳೆದಿದೆ, ಇಳಿದುಹೋಗಿದ್ದಾನೆ. ಎತಿದಾಲ್ ಮಸೂರ ಬೇಳೆಯ ಸಾರು ಮಾಡಿದಳು. ಊರಿನವರು ಬಂದು ತೀರ್ಪಿನ ಸುದ್ದಿ ಹೇಳಿದರು, ನೀನು ಕೊಟ್ಟ ಹೇಳಿಕೆಯೂ ಅಲ್ಲಿಗೆ ಹೋಗಿತ್ತಲ್ಲ ಎಂದು ಬೆನ್ನು ತಟ್ಟಿದರು. ಭಾಷಣ ಮಾಡುತ್ತಾನೆಂದು ಕಾದರು. ತಲೆಯಾಡಿಸಿದ, ಅಷ್ಟೇ.

ಎಲ್ಲ ಹೋದ ಮೇಲೆ ಹೇಳಿದ: ಬಿಡುವ ಮೊದಲು ಬರೆಸಿಕೊಂಡರಂತೆ. ಆ ತೋಟದಲ್ಲಿ ತನಗೆ ಯಾವ ಹಕ್ಕೂ ಇಲ್ಲ, ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು.

"ಬರೆದುಕೊಟ್ಟೆ," ಎಂದ.

ನನಗೆ ಕೂರಲಾಗಲಿಲ್ಲ. ಕೊರಳಿನ ಬೀಗದ ಕೈ ತೆಗೆದು ಅವನ ಮುಂದಿಟ್ಟೆ. ಅವನು ಅದನ್ನು ಬೆರಳ ತುದಿಯಿಂದ ನನ್ನ ಕಡೆಗೇ ತಳ್ಳಿದ.

"ಆ ಕೊಂಬೆ ಕಡಿದಿದ್ದು ಒಳ್ಳೇದಾಯ್ತು ರಸ್ಮಿಯಾ. ಒಳಗೆಲ್ಲ ಬಿಸಿಲು ಬಿದ್ದಿದೆ. ನಿನ್ನ ತೋಟ ಚೆನ್ನಾಗಿದೆ."

ಮಾಳಿಗೆಗೆ ಬಂದು ಬಾಗಿಲು ಹಾಕಿಕೊಂಡೆ. ಅಪ್ಪ ಸತ್ತ ನಲವತ್ತನೆಯ ದಿನ ಇದೇ ಮಾತು ಇದೇ ಬಾಯಿಂದ ಬಂದಿದ್ದರೆ ಕುಣಿದಾಡುತ್ತಿದ್ದೆ. ಪೆಟ್ಟಿಗೆಯಿಂದ ಆ ಮಖಮಲ್ ನಿಲುವಂಗಿ ತೆಗೆದು ನೋಡಿದೆ. ಒಂದು ಸಲವೂ ಹಾಕಿಕೊಂಡಿರಲಿಲ್ಲ. ಮಡಿಕೆಯಲ್ಲೇ ಸವೆದಿದೆ.

ಜುಲೈ 14

ಗೇಟು ಇದ್ದಲ್ಲೇ ಇದೆ. ಹೊಸ ಸೈನಿಕ. ತೋಟ ಯಾರದೆಂದು ಕೇಳಿದ, ಹೇಳಿದೆ, ಒಳಗೆ ಬಿಟ್ಟ.

ಪಂಪ್ ಹಾಕಿ ಶಾಲೆಯ ಕಡೆ ನೋಡಿದೆ. ತಾರಸಿಯ ಮೇಲೆ ಯಾರೋ ಇದ್ದ ಹಾಗಿತ್ತು. ಮೊಬೈಲು ತಲೆವಸ್ತ್ರದಲ್ಲೇ ಇತ್ತು, ಆರಿಸಿರಲಿಲ್ಲ. ಬಹಳ ಹೊತ್ತು ಕಾದೆ. ಬಡಿಯಲಿಲ್ಲ. ಕೊನೆಗೆ ನಾನೇ ಮಾಡಿದೆ.

"ಅಣ್ಣಾ, ಯಾವ ವಾಲ್ವ್ ಮೊದಲು ತೆರೀಲಿ?"

ನಿನಗೆ ಗೊತ್ತಲ್ಲ ಎಂದ. ಮರೆತುಹೋಯಿತು ಎಂದೆ.

"ಎಡಗಡೇದು," ಎಂದ. ಗಂಟಲು ಸರಿಮಾಡಿಕೊಂಡು, ಸ್ವಲ್ಪ ಜೋರಾಗಿ ಮತ್ತೆ ಹೇಳಿದ, "ಎಡಗಡೇದು ಮೊದಲು. ಅಪ್ಪನ ಕಾಲದಿಂದ ಹಾಗೇ."

ಎಡಗಡೆಯದನ್ನೇ ತೆರೆದೆ. ಬಲದ ಏರಿನ ಸಾಲಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದೆ.